ಅಳಿವೆಯಲ್ಲಿ ಹುಟ್ಟಿದ ಒಕ್ಕೂಟ

ಘಟ್ಟವನ್ನಿಳಿದು ಬಂದ ನೇತ್ರಾವತಿಯೂ, ಉತ್ತರದಿಂದ ಕಡಲಿಗೆ ಬಹುಮಟ್ಟಿಗೆ ಸಮಾಂತರವಾಗಿ ಹರಿದು ಬಂದ ಗುರುಪುರ ಹೊಳೆಯೂ ಮಂಗಳೂರಿನ ಹಳೆಯ ಬಂದರಿನ ಎದುರಿನಲ್ಲಿ ಕೂಡಿಕೊಂಡು ಅರಬ್ಬೀ ಸಮುದ್ರವನ್ನು ಸೇರುವ ಸ್ಥಳದಲ್ಲಿ, ಹೊಳೆಗೂ ಕಡಲಿಗೂ ನಡುವೆ ತೆಂಗಿನ ಮರಗಳನ್ನೂ ಮೀನುಗಾರರ ಮನೆಗಳನ್ನೂ ಹೊತ್ತು ನೀಳವಾಗಿ ಚಾಚಿಕೊಂಡಿರುವ ಮರಳಿನ ನೆಲವೇ ಬೆಂಗ್ರೆ. ತೋಟ ಬೆಂಗ್ರೆ, ಕಸಬ ಬೆಂಗ್ರೆ ಎಂಬ ಅದರ ಭಾಗಗಳಲ್ಲಿ ಮೊಗವೀರರೂ ಬ್ಯಾರಿಗಳೂ ತಲೆತಲಾಂತರದಿಂದ ಕಡಲನ್ನೇ ನಂಬಿ ಬಾಳಿದ್ದಾರೆ. ಬಂದರಿನ ದಕ್ಕೆಗೆ ಬರಬೇಕಾದವರು ಇಂದಿಗೂ ದೋಣಿಯನ್ನೇರಿ ಹೊಳೆ ದಾಟುತ್ತಾರೆ. ನೆಲದ ಮೇಲೆಯೇ ಬರುತ್ತೇನೆನ್ನುವವನು ತಣ್ಣೀರುಬಾವಿ, ಪಣಂಬೂರುಗಳ ದಾರಿಯಾಗಿ ಸುತ್ತಿ ಬರಬೇಕು.

ಈ ಮರಳುದಿಬ್ಬದ ದಕ್ಷಿಣದ ತುದಿಯಲ್ಲಿ, ಅಳಿವೆಯನ್ನು ಕಾಯಲು ಕಲ್ಲುಬಂಡೆಗಳನ್ನು ಪೇರಿಸಿ ಕಟ್ಟಿದ ಅಲೆತಡೆಯ ಮೇಲೆ ನಿಂತು ಸುತ್ತಲೂ ನೋಡುವವನ ಕಣ್ಣಿಗೆ, ಕೇಂದ್ರ ರಾಜ್ಯಗಳ ನಡುವೆ ಅಧಿಕಾರವನ್ನು ಹಂಚುವ ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಬಹುಭಾಗವು ಒಂದೇ ನೋಟದಲ್ಲಿ ಗೋಚರಿಸುತ್ತದೆ. ಬೆನ್ನ ಹಿಂದಿನ ಬೀದಿಗಳು ಅರುವತ್ತು ವಾರ್ಡುಗಳ ಮಹಾನಗರಪಾಲಿಕೆಗೆ ಸೇರಿದವು. ಕಾಲಡಿಯ ಭೂಮಿ ರಾಜ್ಯದ ವಿಷಯ. ಹೊಳೆ ದಾಟಿಸುವ ಕಡವೂ ರಾಜ್ಯಪಟ್ಟಿಯಲ್ಲಿದೆ. ಎದುರಿನ ಹಳೆಯ ಬಂದರು ಸಣ್ಣ ಬಂದರುಗಳ ವರ್ಗಕ್ಕೆ ಸೇರಿದ್ದಾದುದರಿಂದ ಸಮವರ್ತಿ ಪಟ್ಟಿಗೆ ಒಳಪಟ್ಟು ರಾಜ್ಯದ ಆಡಳಿತದಲ್ಲಿ ನಡೆಯುತ್ತದೆ. ಉತ್ತರಕ್ಕೆ ಕೆಲವೇ ಮೈಲಿಗಳಾಚೆ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು 1974ರ ಮೇ ತಿಂಗಳಲ್ಲಿ ಮಹಾಬಂದರೆಂದು ಘೋಷಿತವಾದಂದಿನಿಂದ ಕೇಂದ್ರದ್ದು. ಇರುಳಿನಲ್ಲಿ ಸುರತ್ಕಲ್ಲಿನ ದಿಕ್ಕಿನಿಂದ ಬೀಸುವ ದೀಪಸ್ತಂಭದ ಬೆಳಕು ಕೇಂದ್ರದ್ದು. ಮುಂದೆ ಹರಡಿರುವ ಕಡಲಿನಲ್ಲಿ ದಡದಿಂದ ಹನ್ನೆರಡು ನಾಟಿಕಲ್ ಮೈಲಿಗಳವರೆಗೆ ಮೀನುಗಾರಿಕೆಯ ನಿಯಂತ್ರಣ ರಾಜ್ಯದ್ದು, ಅದರಾಚೆಗೆ ಕೇಂದ್ರದ್ದು. ಆದರೆ ಆ ಹನ್ನೆರಡು ಮೈಲಿಗಳೊಳಗೂ ನೀರಿನಡಿಯ ನೆಲ ಮತ್ತು ಖನಿಜಗಳು 297ನೆಯ ಅನುಚ್ಛೇದದಂತೆ ಕೇಂದ್ರಕ್ಕೇ ಸಲ್ಲುತ್ತವೆ. ಮೀನು ಒಬ್ಬರದು, ಮೀನಿನ ಕೆಳಗಿನ ಮರಳು ಇನ್ನೊಬ್ಬರದು.

ಅಧಿಕಾರವನ್ನು ಈ ಬಗೆಯಾಗಿ ಎರಡು ಸರಕಾರಗಳ ನಡುವೆ ವಿಭಾಗಿಸಿ, ಆ ವಿಭಾಗವನ್ನು ಲಿಖಿತ ಶಾಸನವೊಂದರಲ್ಲಿ ಬಂಧಿಸಿಡುವ ವಿದ್ಯೆಯನ್ನು ಅರ್ವಾಚೀನ ಪ್ರಪಂಚಕ್ಕೆ ಮೊದಲು ಕಲಿಸಿದವರು ಅಮೆರಿಕದ ಸಂಯುಕ್ತ ರಾಜ್ಯಗಳವರು. ಆ ವಿದ್ಯೆ ರಾಜಧಾನಿಯ ಸಭಾಭವನದಲ್ಲಿ ಪಂಡಿತರ ಚರ್ಚೆಯಿಂದ ಉದ್ಭವಿಸಿತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಅದರ ಮೊದಲ ಪ್ರೇರಣೆ ದೊರೆತದ್ದು ಬೆಂಗ್ರೆಯಂತಹುದೇ ಒಂದು ಅಳಿವೆಯಲ್ಲಿ, ಮೀನು, ಹಡಗು, ಸುಂಕ, ದೀಪಸ್ತಂಭಗಳ ಜಗಳದಿಂದ. ಆ ವೃತ್ತಾಂತವನ್ನೂ, ಅದರ ಪಾಠಗಳನ್ನು ನಮ್ಮ ದೇಶಕ್ಕೆ ತಂದುಕೊಟ್ಟವರಲ್ಲಿ ಮಂಗಳೂರಿನ ಮಗನೊಬ್ಬನಿದ್ದ ಸಂಗತಿಯನ್ನೂ ಈ ಕರಾವಳಿಯ ಜನ ತಿಳಿದಿರಬೇಕೆಂಬುದು ನನ್ನ ಆಸೆ.

ಅಮೆರಿಕದ ಕ್ರಾಂತಿಗೂ ಮಂಗಳೂರಿನ ಅಳಿವೆಗೂ ನೇರವಾದ ಸಂಬಂಧವೇ ಉಂಟು. ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದ ಹದಿಮೂರು ವಸಾಹತುಗಳಿಗೆ ಫ್ರಾನ್ಸು ಬೆಂಬಲವಾಗಿ ನಿಂತಾಗ ಆ ಯುದ್ಧವು ಹಿಂದೂ ಮಹಾಸಾಗರಕ್ಕೂ ಹಬ್ಬಿತು. ಮೈಸೂರಿನ ಹೈದರಾಲಿ ಮತ್ತು ಟೀಪು ಸುಲ್ತಾನರು ಫ್ರೆಂಚರ ಮಿತ್ರರಾಗಿ ಈಸ್ಟ್ ಇಂಡಿಯಾ ಕಂಪೆನಿಯ ಮೇಲೆ ಕಾದಾಡುತ್ತಿದ್ದರು. 1782ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಇಂಗ್ಲಿಷರ ಯುದ್ಧನೌಕೆಯೊಂದನ್ನು ಸೋಲಿಸಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ‘ಹೈದರ್ ಅಲಿ’ ಎಂಬುದನ್ನು ಕೇಳಿದವರಿಗೆ ಆ ಕಾಲದ ಸಮುದ್ರಗಳು ಎಷ್ಟು ಹತ್ತಿರವಿದ್ದವೆಂಬುದು ತಿಳಿಯುತ್ತದೆ. ಮರುವರ್ಷ ಟೀಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ, ಒಳಗಿದ್ದ ಕರ್ನಲ್ ಕ್ಯಾಂಬೆಲ್ಲನ ದಂಡನ್ನು ಹಸಿವಿನಿಂದ ಬಳಲಿಸುತ್ತಿದ್ದಾಗ, ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾದ ವಾರ್ತೆ ಬಂತು. ಅಮೆರಿಕಕ್ಕೆ ಸ್ವಾತಂತ್ರ್ಯವನ್ನು ತಂದುಕೊಟ್ಟ ಅದೇ ಸಂಧಾನದ ಫಲವಾಗಿ ಟೀಪುವಿನ ಜೊತೆಯಲ್ಲಿದ್ದ ಫ್ರೆಂಚ್ ಪಡೆ ಮುತ್ತಿಗೆಯಿಂದ ಹಿಂದೆ ಸರಿಯಿತು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಹೊಳೆಯೊಳಕ್ಕೆ ಯುದ್ಧದ ಹಡಗುಗಳು ನುಗ್ಗದಂತೆ ಟೀಪು ಗುರುಪುರ ಹೊಳೆಯ ದಂಡೆಯ ಮೇಲೆ ಕಟ್ಟಿಸಿದ ಸುಲ್ತಾನ್ ಬತೇರಿ ಇಂದಿಗೂ ಆಚೆಯ ದಡದಲ್ಲಿ ನಿಂತಿದೆ. ಮಂಗಳೂರಿನ ಒಪ್ಪಂದವಾದ ಒಂದು ವರ್ಷಕ್ಕೆ ಅಮೆರಿಕದ ಪೊಟೋಮ್ಯಾಕ್ ನದಿಯ ತೀರದಲ್ಲಿ ಇನ್ನೊಂದು ಒಪ್ಪಂದವಾಯಿತು.

ಆಗಿನ ಅಮೆರಿಕ ಒಂದು ದೇಶವೆಂದು ಹೇಳಿಕೊಳ್ಳುತ್ತಿದ್ದ ಹದಿಮೂರು ದೇಶಗಳಾಗಿದ್ದಿತು. 1781ರಿಂದ ಜಾರಿಯಲ್ಲಿದ್ದ ಅವರ ಒಕ್ಕೂಟದ ಕರಾರಿನ ಪ್ರಕಾರ ಕೇಂದ್ರದ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ, ರಾಜ್ಯರಾಜ್ಯಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವಂತೂ ಇರಲೇ ಇಲ್ಲ. ಯುದ್ಧದ ಸಾಲವನ್ನು ತೀರಿಸಲು ಅದು ರಾಜ್ಯಗಳ ಮುಂದೆ ಕೈಯೊಡ್ಡಬೇಕಾಗಿತ್ತು. ಒಂದೊಂದು ರಾಜ್ಯವೂ ನೆರೆಯ ರಾಜ್ಯದ ಸರಕಿನ ಮೇಲೆ ತನಗೆ ತೋಚಿದ ಸುಂಕ ಹಾಕುತ್ತಿತ್ತು. ಮೇರಿಲ್ಯಾಂಡ್ ಮತ್ತು ವರ್ಜೀನಿಯಗಳ ನಡುವೆ ಹರಿಯುವ ಪೊಟೋಮ್ಯಾಕ್ ನದಿ, 1632ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್ ಕೊಟ್ಟ ಸನ್ನದಿನಂತೆ, ಆಚೆಯ ದಡದವರೆಗೂ ಮೇರಿಲ್ಯಾಂಡಿನ ಸ್ವತ್ತು. ಆದರೆ ಆ ನದಿ ಸೇರುವ ಚೆಸಪೀಕ್ ಕೊಲ್ಲಿಯ ಬಾಯಿಯ ಎರಡು ಭೂಶಿರಗಳೂ ವರ್ಜೀನಿಯದ ವಶ. ವರ್ಜೀನಿಯದವನು ತನ್ನ ಮನೆಯ ಮುಂದಿನ ಹೊಳೆಯಲ್ಲಿ ಬಲೆ ಬೀಸಿದರೆ ಅದು ಮೇರಿಲ್ಯಾಂಡಿನ ನೀರು. ಮೇರಿಲ್ಯಾಂಡಿನ ಹಡಗು ಸಮುದ್ರಕ್ಕೆ ಹೋಗಬೇಕಾದರೆ ವರ್ಜೀನಿಯದ ಬಾಗಿಲನ್ನು ದಾಟಬೇಕು.

ಈ ಇಕ್ಕಟ್ಟನ್ನು ಪರಿಹರಿಸಲು ಎರಡೂ ರಾಜ್ಯಗಳು ಆಯುಕ್ತರನ್ನು ನೇಮಿಸಿದವು. ವರ್ಜೀನಿಯದ ಆಯುಕ್ತರಾಗಿದ್ದ ಜೇಮ್ಸ್ ಮ್ಯಾಡಿಸನ್ ಮತ್ತು ಎಡ್ಮಂಡ್ ರ್‍ಯಾಂಡಾಲ್ಫರಿಗೆ ಸಭೆಯ ದಿನವೇ ತಿಳಿಯದೆ ಅವರು ಬರಲಿಲ್ಲ; ಜಾರ್ಜ್ ಮೇಸನ್, ಅಲೆಕ್ಸಾಂಡರ್ ಹೆಂಡರ್ಸನ್ ಇಬ್ಬರೇ ಬಂದರು. ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ನಡೆಯಬೇಕಾಗಿದ್ದ ಸಭೆ ಜಾರ್ಜ್ ವಾಷಿಂಗ್ಟನ್ನನ ಆಹ್ವಾನದ ಮೇರೆಗೆ ನದಿಯ ದಂಡೆಯ ಮೇಲಿದ್ದ ಅವನ ಸ್ವಗೃಹವಾದ ಮೌಂಟ್ ವರ್ನನ್ನಿಗೆ ವರ್ಗವಾಯಿತು. ಅಲ್ಲಿ 1785ರ ಮಾರ್ಚ್ 28ರಂದು ಹದಿಮೂರು ಕಲಮುಗಳ ಒಡಂಬಡಿಕೆ ಸಿದ್ಧವಾಯಿತು. ಪೊಟೋಮ್ಯಾಕ್ ಎಲ್ಲರಿಗೂ ತೆರೆದ ಜಲಮಾರ್ಗ. ಎರಡು ದಡಗಳವರೂ ತಮ್ಮ ತಮ್ಮ ನೆಲಕ್ಕೆ ತಾಗಿದ ದಂಡೆಯಲ್ಲಿ ದಕ್ಕೆ ಕಟ್ಟಿಕೊಳ್ಳಬಹುದು. ಮೀನು ಹಿಡಿಯುವ ಹಕ್ಕು ಎರಡೂ ರಾಜ್ಯಗಳ ಪ್ರಜೆಗಳಿಗೆ ಸಮಾನ. ಕೊಲ್ಲಿಯ ಬಾಯಿಯಲ್ಲಿ ಮೇರಿಲ್ಯಾಂಡಿನ ಹಡಗುಗಳಿಗೆ ಸುಂಕವಿಲ್ಲ. ದೀಪಸ್ತಂಭಗಳ ಮತ್ತು ನೀರಿನ ಮೇಲೆ ತೇಲಿಬಿಡುವ ಗುರುತುಗಳ ವೆಚ್ಚವನ್ನು ಇಬ್ಬರೂ ಹಂಚಿಕೊಳ್ಳತಕ್ಕದ್ದು. ಸ್ವಾತಂತ್ರ್ಯ, ಸಮಾನತೆಗಳ ಮೇಲೆ ಘನವಾದ ವಾಕ್ಯಗಳು ಅದರಲ್ಲಿಲ್ಲ. ದೋಣಿ ನಡೆಸುವವನಿಗೆ ಬೇಕಾದದ್ದೆಲ್ಲವೂ ಇದೆ.

ಆತಿಥೇಯನಾದ ವಾಷಿಂಗ್ಟನ್ ಸ್ವತಃ ದೊಡ್ಡ ಮೀನುಗಾರಿಕೆಯ ಯಜಮಾನನಾಗಿದ್ದನು. ವಸಂತಕಾಲದಲ್ಲಿ ಶಾಡ್, ಹೆರಿಂಗ್ ಎಂಬ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ಹೊಳೆಯ ಮೇಲಕ್ಕೆ ಹಿಂಡುಹಿಂಡಾಗಿ ಏರಿ ಬರುವ ಕೆಲವು ವಾರಗಳಲ್ಲಿ ಅವನ ಜನ ದೋಣಿಯಲ್ಲಿ ಬಲೆಯ ಒಂದು ತುದಿಯನ್ನು ಒಯ್ದು ನದಿಯಲ್ಲಿ ಅರ್ಧಚಂದ್ರಾಕಾರವಾಗಿ ಸುತ್ತಿ ತಂದು, ಎರಡು ತುದಿಗಳನ್ನೂ ದಡದ ಮೇಲಿನಿಂದ ಎಳೆಯುತ್ತಿದ್ದರು. ನಮ್ಮ ಕರಾವಳಿಯ ರಂಪಣಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ, ಕ್ರಮವು ಅದೇ. ಹಿಡಿದ ಮೀನಿಗೆ ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬುತ್ತಿದ್ದರು. ಸುಗ್ಗಿಯ ವರ್ಷಗಳಲ್ಲಿ ಹೆರಿಂಗುಗಳ ಲೆಕ್ಕ ಹತ್ತು ಲಕ್ಷವನ್ನು ಮೀರುತ್ತಿತ್ತು. ಆದರೆ ರಂಪಣಿಯ ಹಗ್ಗಕ್ಕೆ ಕೈಹಚ್ಚಿದವನಿಗೆ ಇಲ್ಲಿ ಪಾಲು ಸಲ್ಲುತ್ತಿತ್ತು. ಮೌಂಟ್ ವರ್ನನ್ನಿನಲ್ಲಿ ಹಗ್ಗವನ್ನೆಳೆದವರು ಆಫ್ರಿಕದ ಮೂಲದ ಗುಲಾಮರು. ಪಾಲಿರಲಿ, ತಮ್ಮ ದೇಹದ ಮೇಲೆಯೇ ಅವರಿಗೆ ಹಕ್ಕಿರಲಿಲ್ಲ. ಮೀನಿನ ಹಕ್ಕನ್ನು ಎರಡು ರಾಜ್ಯಗಳ ಪ್ರಜೆಗಳಿಗೂ ಸಮವಾಗಿ ಕೊಟ್ಟ ಆ ಒಡಂಬಡಿಕೆ ಅವರನ್ನು ಪ್ರಜೆಗಳೆಂದು ಎಣಿಸಿರಲಿಲ್ಲವೆಂಬುದನ್ನು ಮರೆತು ಅದನ್ನು ಹೊಗಳುವುದು ಅನ್ಯಾಯ.

ಇಬ್ಬರ ನಡುವೆ ಸಾಧ್ಯವಾದದ್ದು ಹದಿಮೂರು ಜನರ ನಡುವೆ ಏಕೆ ಸಾಧ್ಯವಾಗಬಾರದೆಂಬ ವಿಚಾರ ಬೆಳೆದು, 1786ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡಿನ ಅನಾಪೊಲಿಸ್ ನಗರದಲ್ಲಿ ವ್ಯಾಪಾರದ ಪ್ರಶ್ನೆಗಳಿಗಾಗಿ ಎಲ್ಲ ರಾಜ್ಯಗಳ ಸಭೆ ಕರೆಯಲಾಯಿತು. ಬಂದವರು ಐದೇ ರಾಜ್ಯಗಳ ಪ್ರತಿನಿಧಿಗಳು. ಸಭೆ ನಡೆದ ಮೇರಿಲ್ಯಾಂಡೇ ಯಾರನ್ನೂ ಕಳುಹಿಸಲಿಲ್ಲ. ಆ ವೈಫಲ್ಯವನ್ನೇ ಕಾರಣವಾಗಿ ಮಾಡಿಕೊಂಡು ಅಲೆಕ್ಸಾಂಡರ್ ಹ್ಯಾಮಿಲ್ಟನ್, ವ್ಯಾಪಾರವೊಂದನ್ನೇ ಸರಿಪಡಿಸಿದರೆ ಸಾಲದು, ಒಕ್ಕೂಟದ ಒಟ್ಟು ವ್ಯವಸ್ಥೆಯನ್ನೇ ವಿಚಾರಿಸಬೇಕೆಂಬ ವರದಿಯನ್ನು ಬರೆದನು. ಅದರಂತೆ 1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯದಲ್ಲಿ, ರೋಡ್ ಐಲೆಂಡನ್ನು ಬಿಟ್ಟು ಉಳಿದ ಹನ್ನೆರಡು ರಾಜ್ಯಗಳ ಐವತ್ತೈದು ಮಂದಿ ಪ್ರತಿನಿಧಿಗಳು ಸೇರಿ ಸಂವಿಧಾನವನ್ನು ರಚಿಸಿದರು. ಕೊನೆಗೆ ಸಹಿ ಮಾಡಿದವರು ಮೂವತ್ತೊಂಬತ್ತು ಮಂದಿ.

ಅಲ್ಲಿ ನಡೆದ ವಾದಗಳನ್ನೆಲ್ಲ ಇಲ್ಲಿ ಹೇಳಬೇಕಾದುದಿಲ್ಲ. ದೊಡ್ಡ ರಾಜ್ಯಗಳು ಜನಸಂಖ್ಯೆಯಂತೆ ಪ್ರಾತಿನಿಧ್ಯ ಬೇಕೆಂದವು, ಸಣ್ಣ ರಾಜ್ಯಗಳು ಸಮಾನತೆ ಬೇಕೆಂದವು. ಜುಲೈ 16ರಂದು ಆದ ರಾಜಿಯಂತೆ ಕೆಳಮನೆಯಲ್ಲಿ ಜನಸಂಖ್ಯೆಯೂ, ಸೆನೆಟ್ಟಿನಲ್ಲಿ ರಾಜ್ಯಕ್ಕಿಬ್ಬರೆಂಬ ಸಮಾನತೆಯೂ ನಿಂತವು. ಐವರು ಗುಲಾಮರನ್ನು ಮೂವರೆಂದು ಎಣಿಸಿ ಯಜಮಾನರ ರಾಜ್ಯಗಳಿಗೆ ಹೆಚ್ಚಿನ ಪ್ರತಿನಿಧಿಗಳನ್ನು ಕೊಟ್ಟ ಕಲಮೂ ಆ ರಾಜಿಯೊಡನೆ ಬಂದುದೇ. ಆ ಪಾಪದ ಲೆಕ್ಕವನ್ನು ತೀರಿಸಲು ಆ ದೇಶ 1861ರಿಂದ 1865ರವರೆಗೆ ರಕ್ತ ಸುರಿಸಬೇಕಾಯಿತು. ಕೇಂದ್ರಕ್ಕೆ ಎಣಿಸಿ ಕೊಟ್ಟ ಅಧಿಕಾರಗಳನ್ನು ಬಿಟ್ಟು ಉಳಿದುದೆಲ್ಲವೂ ರಾಜ್ಯಗಳದ್ದು ಅಥವಾ ಜನರದ್ದು ಎಂದು 1791ರಲ್ಲಿ ಹತ್ತನೆಯ ತಿದ್ದುಪಡಿ ಸ್ಪಷ್ಟಪಡಿಸಿತು.

ಆ ಎಣಿಸಿ ಕೊಟ್ಟ ಅಧಿಕಾರಗಳಲ್ಲಿ ಮುಖ್ಯವಾದುದು ರಾಜ್ಯರಾಜ್ಯಗಳ ನಡುವಣ ವಾಣಿಜ್ಯದ ನಿಯಂತ್ರಣ. ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದೂ ಒಂದು ಕಡವಿನಲ್ಲಿಯೇ. ನ್ಯೂಯಾರ್ಕ್ ರಾಜ್ಯವು ತನ್ನ ನೀರಿನಲ್ಲಿ ಹಬೆಯ ದೋಣಿ ನಡೆಸುವ ಏಕಸ್ವಾಮ್ಯವನ್ನು ರಾಬರ್ಟ್ ಲಿವಿಂಗ್‌ಸ್ಟನ್ ಮತ್ತು ರಾಬರ್ಟ್ ಫುಲ್ಟನ್ನರಿಗೆ ಕೊಟ್ಟಿತ್ತು. ಅವರ ಕಡೆಯಿಂದ ಪರವಾನಗಿ ಪಡೆದವನು ಏರನ್ ಆಗ್ಡನ್. ಥಾಮಸ್ ಗಿಬನ್ಸ್ ಎಂಬವನು ಕೇಂದ್ರದ ಕರಾವಳಿ ಪರವಾನಗಿಯನ್ನು ಮಾತ್ರ ಹಿಡಿದು ನ್ಯೂಜರ್ಸಿಯ ದಡದಿಂದ ನ್ಯೂಯಾರ್ಕಿಗೆ ಜನರನ್ನು ದಾಟಿಸತೊಡಗಿದನು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1824ರ ಮಾರ್ಚ್ 2ರಂದು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್, ವಾಣಿಜ್ಯವೆಂದರೆ ಸರಕಿನ ಕೊಳುಕೊಡೆ ಮಾತ್ರವಲ್ಲ, ನೌಕಾಸಂಚಾರವೂ ವಾಣಿಜ್ಯವೇ, ಅದು ರಾಜ್ಯದ ಗಡಿಯ ಬಳಿ ನಿಂತುಹೋಗುವುದಲ್ಲವೆಂದು ತೀರ್ಪಿತ್ತು ಏಕಸ್ವಾಮ್ಯವನ್ನು ಮುರಿದನು. ಅದಕ್ಕೂ ಮೊದಲೇ, ಹೊಸ ಕಾಂಗ್ರೆಸ್ಸು ತನ್ನ ಮೊದಲ ಅಧಿವೇಶನದಲ್ಲಿ, 1789ರ ಆಗಸ್ಟ್ 7ರ ಶಾಸನದಿಂದ ದೀಪಸ್ತಂಭಗಳ ಹೊಣೆಯನ್ನು ರಾಜ್ಯಗಳಿಂದ ತಾನು ವಹಿಸಿಕೊಂಡಿತ್ತು. ಮೌಂಟ್ ವರ್ನನ್ನಿನಲ್ಲಿ ಚರ್ಚೆಯಾದ ಅದೇ ಚೆಸಪೀಕ್ ಕೊಲ್ಲಿಯ ಬಾಯಿಯಲ್ಲಿ, ಕೇಪ್ ಹೆನ್ರಿಯಲ್ಲಿ, 1792ರಲ್ಲಿ ಕೇಂದ್ರದ ವೆಚ್ಚದಿಂದ ದೀಪಸ್ತಂಭ ಎದ್ದಿತು. ನಮ್ಮ ಕೇಂದ್ರಪಟ್ಟಿಯ ಇಪ್ಪತ್ತಾರನೆಯ ಬಾಬಿನಲ್ಲಿ ದೀಪಸ್ತಂಭಗಳು ಏಕಿವೆಯೆಂದು ಕೇಳುವವನಿಗೆ ಇದೇ ಉತ್ತರ: ಬೆಳಕು ಹಡಗಿನವನ ರಾಜ್ಯವನ್ನು ಕೇಳಲಾರದು.

ಈಗ ಮಂಗಳೂರಿನ ಮಗನ ವಿಚಾರ. ಬೆನೆಗಲ್ ನರಸಿಂಗ ರಾಯರು 1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ, ವೈದ್ಯರಾಗಿದ್ದ ಬೆನೆಗಲ್ ರಾಘವೇಂದ್ರ ರಾಯರ ಮಗನಾಗಿ ಜನಿಸಿದರು. ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನೂ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನೂ ದಾಟಿ, ಐ.ಸಿ.ಎಸ್. ಸೇರಿ ಬಂಗಾಳದಲ್ಲಿ ಸೇವೆ ಮಾಡಿ, ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು. ಒಬ್ಬ ಸಹೋದರ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಇನ್ನೊಬ್ಬ ಸಹೋದರ, ಪತ್ರಕರ್ತ ಶಿವ ರಾಯರು ಸಂವಿಧಾನ ಸಭೆಯ ಸದಸ್ಯರಾಗಿದ್ದು, ಅದರ ದಾಖಲೆಗಳನ್ನು ಸಂಪಾದಿಸಿ ಪ್ರಕಟಿಸಿದರು. ಒಂದೇ ಮನೆಯಿಂದ ದೇಶಕ್ಕೆ ಇಷ್ಟು ಸಂದುದು ಅಪೂರ್ವ.

ಅಮೆರಿಕದ ಒಕ್ಕೂಟದ ಪಾಠವನ್ನು ನರಸಿಂಗ ರಾಯರು ನದಿಯ ನೀರಿನ ವಿಷಯದಲ್ಲಿಯೇ ಮೊದಲು ಬಳಸಿದರೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಸಿಂಧೂ ನದಿಯ ನೀರಿಗಾಗಿ ಪಂಜಾಬಿನ ಮೇಲೆ ಸಿಂಧ್ ಪ್ರಾಂತ ದೂರು ಕೊಟ್ಟಾಗ, ಅದನ್ನು ವಿಚಾರಿಸಲು ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರು. 1942ರ ವರದಿಯಲ್ಲಿ ಅವರು, 1907ರ ಕಾನ್ಸಾಸ್ ಮತ್ತು ಕೊಲೊರಾಡೊಗಳ ಮೊಕದ್ದಮೆಯಿಂದ ಮೊದಲ್ಗೊಂಡು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೆಳೆಸಿಕೊಂಡು ಬಂದಿದ್ದ ನ್ಯಾಯೋಚಿತ ಹಂಚಿಕೆಯ ತತ್ತ್ವವನ್ನು ಆಧಾರವಾಗಿ ಹಿಡಿದರು: ಮೇಲಿನವನು ಮೇಲಿದ್ದಾನೆಂಬ ಕಾರಣದಿಂದ ನೀರೆಲ್ಲ ತನ್ನದೆನ್ನಲಾಗದು, ಕೆಳಗಿನವನು ಹಿಂದಿನಿಂದ ಹರಿದುಬಂದುದೆಲ್ಲವೂ ಹಾಗೆಯೇ ಬರಬೇಕೆನ್ನಲಾಗದು. ಮುಂದೆ ಕೃಷ್ಣಾ, ಕಾವೇರಿಗಳ ನ್ಯಾಯಮಂಡಳಿಗಳು ನಡೆದದ್ದೂ ಇದೇ ಹಾದಿಯಲ್ಲಿ.

1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾಗಿ ನೇಮಕಗೊಂಡರು. ಆ ಸೇವೆಗೆ ವೇತನವನ್ನು ತೆಗೆದುಕೊಳ್ಳಲಿಲ್ಲ. 1947ರ ಅಕ್ಟೋಬರಿನಲ್ಲಿ ಅವರು ಒಪ್ಪಿಸಿದ ಮೊದಲ ಕರಡಿನಲ್ಲಿ 243 ಅನುಚ್ಛೇದಗಳೂ 13 ಅನುಸೂಚಿಗಳೂ ಇದ್ದುವು. ಅದನ್ನು ಒಪ್ಪಿಸಿದ ಬಳಿಕ ಅವರು ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಆಯಾ ದೇಶಗಳ ಸಂವಿಧಾನಗಳನ್ನು ನಡೆಸಿದವರ ಅನುಭವವನ್ನು ಕೇಳಿಕೊಂಡು ಬಂದರು. ವಾಷಿಂಗ್ಟನ್ ನಗರದಲ್ಲಿ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೋಸೆಸ್’ ಎಂಬ ಕಲಮು ಜನರು ಆರಿಸಿದ ಶಾಸನಸಭೆಯ ಕಾನೂನುಗಳನ್ನು ಕೆಲವೇ ನ್ಯಾಯಾಧೀಶರು ರದ್ದುಗೊಳಿಸಲು ಎಡೆಮಾಡಿಕೊಟ್ಟು ನ್ಯಾಯಾಂಗದ ಮೇಲೆಯೂ ಹೊರೆಯಾಗಿದೆಯೆಂದು ಅವರಿಗೆ ತಿಳಿಸಿದರು. ಕರಡು ಸಮಿತಿ ‘ಡ್ಯೂ ಪ್ರೋಸೆಸ್’ ಎಂಬ ಪದಗಳನ್ನು ಬಿಟ್ಟು, ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ ಎಂಬ ಮಾತನ್ನು ಇಟ್ಟುಕೊಂಡಿತು. ಈ ನಿರ್ಣಯವನ್ನು ನಾನು ಒಪ್ಪಲಾರೆ. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡುವ ಕಾನೂನುಗಳು ದಶಕಗಳ ಕಾಲ ಈ ಸಂದಿನಿಂದಲೇ ಪಾರಾದವು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಆ ಪ್ರಕ್ರಿಯೆ ನ್ಯಾಯಸಮ್ಮತವೂ ಆಗಿರತಕ್ಕದ್ದೆಂದು ಹೇಳುವವರೆಗೂ ಪ್ರಜೆಯ ಕೈಯಲ್ಲಿ ಬಲವಾದ ಆಯುಧವಿರಲಿಲ್ಲ. ಆದರೆ ರಾಯರ ಒಟ್ಟು ಸೇವೆಯ ಘನತೆ ಇದರಿಂದ ಕಡಿಮೆಯಾಗುವುದಲ್ಲ. 1949ರ ನವೆಂಬರ್ 25ರಂದು ಡಾಕ್ಟರ್ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ತಮಗೆ ಸಲ್ಲಿಸಲಾಗುತ್ತಿರುವ ಕೀರ್ತಿಯಲ್ಲಿ ಒಂದು ಪಾಲು ನರಸಿಂಗ ರಾಯರದೆಂದು ಮುಕ್ತಕಂಠದಿಂದ ಹೇಳಿದರು. ತರುವಾಯ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದು, ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿರುವಾಗಲೇ 1953ರ ನವೆಂಬರ್ 30ರಂದು ರಾಯರು ಜ್ಯೂರಿಕ್ಕಿನಲ್ಲಿ ತೀರಿಕೊಂಡರು.

ನಮ್ಮ ಒಕ್ಕೂಟವು ಅಮೆರಿಕದ ಪಡಿಯಚ್ಚಲ್ಲ. ಅಲ್ಲಿ ಮೊದಲೇ ಇದ್ದ ರಾಜ್ಯಗಳು ತಮ್ಮ ಅಧಿಕಾರದಲ್ಲಿ ಕೆಲವಂಶವನ್ನು ಬಿಟ್ಟುಕೊಟ್ಟು ಕೇಂದ್ರವನ್ನು ನಿರ್ಮಿಸಿದವು. ಇಲ್ಲಿ ಒಂದಾಗಿದ್ದ ಆಡಳಿತವನ್ನು ಸಂವಿಧಾನವೇ ಕೇಂದ್ರಕ್ಕೂ ರಾಜ್ಯಗಳಿಗೂ ಹಂಚಿತು, ಉಳಿಕೆಯ ಅಧಿಕಾರವನ್ನೂ ಕೇಂದ್ರಕ್ಕೇ ಇಟ್ಟಿತು. ಈ ಭೇದದ ಅರ್ಥ ದಕ್ಷಿಣ ಕನ್ನಡದವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಅಮೆರಿಕದ ಸಂವಿಧಾನದ ನಾಲ್ಕನೆಯ ವಿಧಿಯಂತೆ, ಒಂದು ರಾಜ್ಯದ ನೆಲದಿಂದ ಹೊಸ ರಾಜ್ಯವನ್ನು ಮಾಡಬೇಕಾದರೆ ಆ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು. 1820ರಲ್ಲಿ ಮೇನ್ ರಾಜ್ಯ ಪ್ರತ್ಯೇಕವಾದದ್ದು ಮ್ಯಾಸಚೂಸೆಟ್ಸ್ ಒಪ್ಪಿದ ಮೇಲೆ. ಒಕ್ಕೂಟವೂ ಅವಿನಾಶಿ, ಅದರ ರಾಜ್ಯಗಳೂ ಅವಿನಾಶಿಗಳೆಂದು 1869ರಲ್ಲಿ ಅವರ ನ್ಯಾಯಾಲಯ ಟೆಕ್ಸಸ್ಸಿನ ಮೊಕದ್ದಮೆಯಲ್ಲಿ ಸಾರಿತು. ನಮ್ಮ ಮೂರನೆಯ ಅನುಚ್ಛೇದದಂತೆ ಸಂಸತ್ತು ರಾಜ್ಯದ ಅಭಿಪ್ರಾಯವನ್ನು ಕೇಳಿದರೆ ಸಾಕು; ಒಪ್ಪಿಗೆ ಬೇಕಾಗಿಲ್ಲ.

1799ರಲ್ಲಿ ಟೀಪುವಿನ ಪತನದೊಡನೆ ನಮ್ಮ ಕರಾವಳಿಯ ಕೆನರಾ ಕಂಪೆನಿಯ ವಶವಾಯಿತು. 1862ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿಗೆ ಕೊಟ್ಟು ದಕ್ಷಿಣ ಕೆನರಾವನ್ನು ಮದರಾಸಿನಲ್ಲಿಯೇ ಉಳಿಸಲಾಯಿತು. ಕೊನೆಗೆ 1956ರ ನವೆಂಬರ್ 1ರಂದು, ಸಂಸತ್ತಿನ ಒಂದು ಶಾಸನದಿಂದ, ಈ ಜಿಲ್ಲೆ ಮೂರು ಭಾಗವಾಯಿತು. ಮಂಗಳೂರು ಬೆಂಗ್ರೆಗಳನ್ನು ಒಳಗೊಂಡ ಹೆಚ್ಚಿನ ಭಾಗ ಮೈಸೂರಿಗೆ ಬಂತು. ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳೆಂಬ ಅಮಿನ್‌ದಿವಿ ದ್ವೀಪಗಳು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು; ಆ ದ್ವೀಪದವರು ತೆಂಗಿನ ಹುರಿಯನ್ನು ತಂದು ಅಕ್ಕಿಯನ್ನು ಒಯ್ಯುತ್ತಿದ್ದುದು ಮಂಗಳೂರಿನ ಬಂದರಿನಿಂದಲೇ, ಅವರ ಮೇಲಿನ ಅಧಿಕಾರಿ ಮಂಗಳೂರಿನ ಕಲೆಕ್ಟರೇ. ಇಂದಿಗೂ ಬೆಂಗ್ರೆಯ ಮುಂದಿನ ಅಳಿವೆಯನ್ನು ದಾಟಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಒಂದು ಕಾಲದಲ್ಲಿ ಜಿಲ್ಲೆಯ ಒಳಗೇ ಸಂಚರಿಸುತ್ತಿದ್ದವು. ಮೈಸೂರಿನೊಡನೆ ಕೂಡಿದ್ದು ಕನ್ನಡಿಗರ ಬಹುಕಾಲದ ಬಯಕೆ. ಸಂಸತ್ತಿಗೆ ಅಷ್ಟು ಅಧಿಕಾರವಿಲ್ಲದಿದ್ದರೆ ಆ ಬಯಕೆ ಈಡೇರುತ್ತಿರಲಿಲ್ಲವೇನೋ. ಆದರೆ ಅದೇ ಅಧಿಕಾರ ಕಾಸರಗೋಡಿನ ಕನ್ನಡಿಗರ ಕೂಗನ್ನು ಕಡೆಗಣಿಸಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ ಮಾತು ಇಂದಿನವರೆಗೂ ಕಾರ್ಯಗತವಾಗಿಲ್ಲ. ಒಪ್ಪಿಗೆಯ ಕಲಮಿಲ್ಲದ ಸಂವಿಧಾನದಲ್ಲಿ ಗಡಿಯ ಜನರಿಗೆ ಬೇಡಿಕೆಯುಂಟು, ಹಕ್ಕಿಲ್ಲ.

ಕೇರಳದೊಡನೆ ನೆಲದ ಗಡಿ ಹೀಗೆ ತಲಪಾಡಿಯಲ್ಲಿ ನಿಂತಿತು. ಕಡಲಿನಲ್ಲಿ ಅದು ನಿಂತುದೆಲ್ಲಿ? ಮಳೆಗಾಲದ ಮೀನುಗಾರಿಕೆಯ ನಿಷೇಧವನ್ನೇ ನೋಡಿ. ಕರ್ನಾಟಕದ ನೀರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಅರುವತ್ತೊಂದು ದಿನಗಳ ಕಾಲ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹನ್ನೆರಡು ಮೈಲಿಗಳಾಚೆಗೆ ಕೇಂದ್ರವೂ ಅಷ್ಟೇ ದಿನಗಳನ್ನು ಗೊತ್ತುಮಾಡುತ್ತದೆ. ಕೇರಳದಲ್ಲಿ ಟ್ರಾಲ್‌ಬೋಟುಗಳಿಗೆ ನಿಷೇಧ ಐವತ್ತೆರಡು ದಿನ, ಪ್ರಾರಂಭ ಜೂನ್ 9ರ ನಡುರಾತ್ರಿ. ಜೂನ್ ತಿಂಗಳ ಮೊದಲ ವಾರದಲ್ಲಿ ಮಂಗಳೂರಿನ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈತಾಗಿಸಿ ಕಟ್ಟಿನಿಂತಿರುವಾಗ, ಬಲೆಗಳನ್ನು ಬಿಚ್ಚಿ ದಡಕ್ಕೆ ಸಾಗಿಸಿರುವಾಗ, ಮಂಜುಗಡ್ಡೆಯ ಕಾರ್ಖಾನೆಗಳು ಮೌನವಾಗಿರುವಾಗ, ಮಂಜೇಶ್ವರದಾಚೆಯ ನೀರಿನಲ್ಲಿ ನೆರೆರಾಜ್ಯದ ಬೋಟುಗಳಿಗೆ ಇನ್ನೂ ಅವಕಾಶವಿರುತ್ತದೆ. ಬಲೆಯ ಕಣ್ಣಿನ ಅಳತೆ, ಹಿಡಿಯಬಹುದಾದ ಮೀನಿನ ಗಾತ್ರ, ಬೆಳಕು ಹಾಕಿ ಮೀನು ಹಿಡಿಯುವ ಪದ್ಧತಿ ಇವುಗಳಲ್ಲಿಯೂ ಒಂದೊಂದು ರಾಜ್ಯಕ್ಕೆ ಒಂದೊಂದು ಕಟ್ಟಳೆ. ನಮ್ಮ ಬೋಟುಗಳನ್ನು ಗೋವೆಯವರೋ ಕೇರಳದವರೋ ತಡೆದು ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮವರು ಅವರನ್ನು ದೂರುವುದೂ ಉಂಟು. ಬೂತಾಯಿ ಬಂಗುಡೆಗಳ ಹಿಂಡು ಈ ಮೂರೂ ರಾಜ್ಯಗಳ ಮುಂದಿನ ಒಂದೇ ಕಡಲಿನಲ್ಲಿ ಸಂಚರಿಸುತ್ತದೆಂಬುದನ್ನು ಬೆಂಗ್ರೆಯ ಹುಡುಗನೂ ಬಲ್ಲ.

ಇಂತಹ ಸಮಾನ ವಿಷಯಗಳನ್ನು ಕೂಡಿ ವಿಚಾರಿಸುವ ಕ್ರಮ ಮೊಗವೀರರಿಗಂತೂ ಹೊಸದಲ್ಲ. ಅವರ ಒಂದೊಂದು ಪಟ್ಣಕ್ಕೂ, ಅಂದರೆ ಮೀನುಗಾರರ ಊರಿಗೂ, ಅದರದೇ ಮುಖಂಡನಾದ ಗುರಿಕಾರನೂ ಸಭೆಯೂ ಉಂಟು. ಮಂಗಳೂರಿನ ಏಳು ಪಟ್ಣಗಳಿಗೆ ಸಮಾನವಾದ ವಿಷಯಗಳಿಗಾಗಿ ಸಂಯುಕ್ತ ಸಭೆಯೂ ಉಂಟು. ಊರಿನ ಮಾತು ಊರಿನಲ್ಲಿ, ಎಲ್ಲರ ಮಾತು ಎಲ್ಲರ ಸಭೆಯಲ್ಲಿ ಎಂಬ ವಿವೇಕವನ್ನು ಅವರು ಫಿಲಡೆಲ್ಫಿಯದಿಂದ ಕಲಿಯಬೇಕಾಗಿರಲಿಲ್ಲ.

ಪೊಟೋಮ್ಯಾಕಿನ ಒಡಂಬಡಿಕೆಯೂ ಒಮ್ಮೆ ಬರೆದಿಟ್ಟ ಮಾತ್ರಕ್ಕೆ ಜಗಳಗಳನ್ನು ನಿಲ್ಲಿಸಲಿಲ್ಲ. ಅಲ್ಲಿಯ ಸಿಂಪಿಮೀನಿಗಾಗಿ, ಅಂದರೆ ನಮ್ಮ ಮರುವಾಯಿಯಂತೆ ಚಿಪ್ಪಿನೊಳಗಿನ ಮೀನಿಗಾಗಿ, ಎರಡು ರಾಜ್ಯಗಳವರು ದಶಕಗಳ ಕಾಲ ಕಾದಾಡಿದರು. 1959ರಲ್ಲಿ ವರ್ಜೀನಿಯದ ಮೀನುಗಾರನೊಬ್ಬ ಮೇರಿಲ್ಯಾಂಡಿನ ಪೋಲೀಸರ ಗುಂಡಿಗೆ ಬಲಿಯಾದನು. 1958ರಲ್ಲಿ ಒಪ್ಪಿ 1962ರಲ್ಲಿ ಸ್ಥಿರಪಡಿಸಿದ ಹೊಸ ಒಪ್ಪಂದದಿಂದ ಎರಡೂ ರಾಜ್ಯಗಳ ಸದಸ್ಯರಿರುವ ಮೀನುಗಾರಿಕಾ ಆಯೋಗವೊಂದು ನದಿಯ ಮೇಲೆ ಅಧಿಕಾರ ವಹಿಸಿಕೊಂಡಿತು. ಅದು ಈಗಲೂ ನಡೆದಿದೆ. 1785ರ ಒಡಂಬಡಿಕೆಯ ದಕ್ಕೆಯ ಕಲಮನ್ನು ಆಧಾರವಾಗಿ ಹಿಡಿದು 2003ರಲ್ಲಿಯೂ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನದಿಯ ನೀರನ್ನು ಬಳಸುವ ವರ್ಜೀನಿಯದ ಹಕ್ಕನ್ನು ಎತ್ತಿಹಿಡಿಯಿತು.

ನಮ್ಮ ಸಂವಿಧಾನದ 263ನೆಯ ಅನುಚ್ಛೇದದಲ್ಲಿ ಅಂತರರಾಜ್ಯ ಪರಿಷತ್ತಿನ ಏರ್ಪಾಟು ಇದೆ. ರಾಜ್ಯಗಳಿಗೆ ಸಮಾನ ಹಿತವಿರುವ ವಿಷಯವನ್ನು ವಿಚಾರಿಸಲು ರಾಷ್ಟ್ರಪತಿಗಳು ಅಂತಹ ಪರಿಷತ್ತನ್ನು ನೇಮಿಸಬಹುದು. ಈ ಕಡಲಿಗಿಂತ ಸಮಾನವಾದ ಹಿತ ಗೋವೆ, ಕರ್ನಾಟಕ, ಕೇರಳಗಳಿಗೆ ಬೇರೊಂದಿಲ್ಲ. ಮೂರು ಸರಕಾರಗಳೂ ಒಂದೆಡೆ ಕುಳಿತು ನಿಷೇಧದ ದಿನಗಳನ್ನೂ ಬಲೆಯ ಕಟ್ಟಳೆಗಳನ್ನೂ ಗಡಿಯ ನೀರಿನ ಹಕ್ಕುಗಳನ್ನೂ ಒಂದು ಒಡಂಬಡಿಕೆಗೆ ತರಲಿ. ಮತ್ತು ಮೌಂಟ್ ವರ್ನನ್ನಿನ ಸಭೆಯಲ್ಲಿ ಬಲೆ ಎಳೆದವರಿಗೆ ಇಲ್ಲದೆಹೋದ ಸ್ಥಾನವನ್ನು ಈ ಸಭೆಯಲ್ಲಿ ಬೆಂಗ್ರೆಯ, ಮಲ್ಪೆಯ, ಮಂಜೇಶ್ವರದ ಮೀನುಗಾರರಿಗೆ ಕೊಡಲಿ.